ಎರಡು ವಿಲ್ಯಾನ್‌ಗಳ ನಡುವೆ ಪಿಂಗ್ ದಾಟದ ರಾತ್ರಿ: ಒಂದು ದುರಸ್ತಿ ದಾಖಲೆ

ನಮ್ಮ ಕಚೇರಿಯಲ್ಲಿ ವಿಲ್ಯಾನ್‌ಗಳ (ಅವೇ ಸ್ವಿಚ್‌ಗಳನ್ನು ಹಂಚಿಕೊಂಡೂ ಪ್ರತ್ಯೇಕವಾಗಿರುವ ಜಾಲಗಳ) ನಡುವಿನ ರೂಟಿಂಗ್ ಕೆಲಸವನ್ನು, ಅಂದರೆ ಒಂದರಿಂದ ಇನ್ನೊಂದಕ್ಕೆ ಪ್ಯಾಕೆಟ್ ದಾಟಿಸುವುದನ್ನು, ರೂಟರ್‌ನಿಂದ ತೆಗೆದು, ರೂಟಿಂಗನ್ನೂ ಬಲ್ಲ ಲೇಯರ್ 3 ಸ್ವಿಚ್‌ಗೆ ಒಪ್ಪಿಸಿದ ಸಂಜೆ ನಡೆದುದನ್ನು ಇಲ್ಲಿ ಕ್ರಮವಾಗಿ ಬರೆದಿಡುತ್ತಿದ್ದೇನೆ. ಬದಲಾವಣೆಗೆ ಹಿಡಿದದ್ದು 40 ನಿಮಿಷ. ಅದರಿಂದ ಕಡಿದುಹೋದ ಸಂಪರ್ಕವನ್ನು ಮರಳಿ ತರಲು ಹಿಡಿದದ್ದು ಸುಮಾರು ಐದು ಗಂಟೆ. ತಪ್ಪು ಒಂದೇ ಆಗಿದ್ದರೆ ಇಷ್ಟು ಹೊತ್ತು ಬೇಕಾಗುತ್ತಿರಲಿಲ್ಲ. ನಾಲ್ಕು ತಪ್ಪುಗಳು ಒಂದರ ಕೆಳಗೊಂದು ಅಡಗಿದ್ದವು, ಮೇಲಿನದನ್ನು ಸರಿಪಡಿಸಿದ ಮೇಲಷ್ಟೇ ಕೆಳಗಿನದು ಕಣ್ಣಿಗೆ ಬೀಳುತ್ತಿತ್ತು. ಅವುಗಳಲ್ಲಿ ಮೂರು ತಪ್ಪುಗಳು ಪ್ಯಾಕೆಟ್ ಹೋಗುವ ದಾರಿಯಲ್ಲಿ ಇರಲೇ ಇಲ್ಲ. ಉತ್ತರ ಮರಳಿ ಬರುವ ದಾರಿಯಲ್ಲಿದ್ದವು. ಇಷ್ಟನ್ನು ಮೊದಲೇ ನೆನಪಿಗೆ ತಂದುಕೊಂಡಿದ್ದರೆ ಅರ್ಧ ರಾತ್ರಿ ಉಳಿಯುತ್ತಿತ್ತು.

ಹಳೆಯ ವ್ಯವಸ್ಥೆ, ಹೊಸ ವ್ಯವಸ್ಥೆ

ನೆಟ್‌ವರ್ಕ್ ದೊಡ್ಡದಲ್ಲ. ಒಂದು ರೂಟರ್, ಕಮ್ಯಾಂಡ್‌ಗಳ ಮೂಲಕ ಹೊಂದಿಸುವ 24 ಪೋರ್ಟ್‌ಗಳ ಒಂದು ಲೇಯರ್ 3 ಸ್ವಿಚ್, ಅದಕ್ಕೆ ಒಂದೇ ಕೇಬಲ್‌ನಿಂದ ಜೋಡಿಸಿದ, ಬ್ರೌಸರ್ ಪುಟದಿಂದ ಹೊಂದಿಸುವ ಇನ್ನೊಂದು 24 ಪೋರ್ಟ್‌ಗಳ ಸ್ವಿಚ್. ಮುಂದೆ ಇವನ್ನು ಮುಖ್ಯ ಸ್ವಿಚ್, ಎರಡನೇ ಸ್ವಿಚ್ ಎಂದು ಕರೆಯುತ್ತೇನೆ. ವಿಲ್ಯಾನ್ 10 ಸಿಬ್ಬಂದಿಯ ಕಂಪ್ಯೂಟರ್‌ಗಳದ್ದು. 20 ಪ್ರಿಂಟರ್‌ಗಳದ್ದು ಮತ್ತು ಫೈಲುಗಳನ್ನು ಇಡುವ ನ್ಯಾಸ್‌ನದು. 30 ಹನ್ನೊಂದು ಕ್ಯಾಮೆರಾಗಳದ್ದು ಮತ್ತು ಅವುಗಳ ರೆಕಾರ್ಡರ್‌ನದು. 99 ಸ್ವಿಚ್‌ಗಳ ನಿರ್ವಹಣೆಗೆ ಮೀಸಲು. ಪ್ರತಿ ವಿಲ್ಯಾನ್‌ಗೂ ಅದರ ಸಂಖ್ಯೆಯೇ ಕಾಣುವಂಥ ಸಬ್‌ನೆಟ್ (ಐಪಿ ವಿಳಾಸಗಳ ಒಂದು ಗುಂಪು) ಕೊಟ್ಟಿದ್ದೆ: ವಿಲ್ಯಾನ್ 20 ಎಂದರೆ 192.168.20.0, ವಿಳಾಸದ ಎಷ್ಟು ಭಾಗ ಸಬ್‌ನೆಟ್‌ನ ಗುರುತೆಂದು ಹೇಳುವ ಮಾಸ್ಕ್ 255.255.255.0. ವಿಲ್ಯಾನ್ ಸಂಖ್ಯೆಗೂ ಐಪಿ ವಿಳಾಸಕ್ಕೂ ತಾಂತ್ರಿಕವಾಗಿ ಯಾವ ನಂಟೂ ಇಲ್ಲ. ಆದರೆ ರಾತ್ರಿ ಹತ್ತು ಗಂಟೆಗೆ ಕಣ್ಣು ದಣಿದಿರುವಾಗ ಈ ಹೊಂದಿಕೆಯಿಂದ ಉಳಿಯುವ ಶ್ರಮ ಸಣ್ಣದಲ್ಲ.

ಅಲ್ಲಿಯವರೆಗೆ ವಿಲ್ಯಾನ್‌ಗಳ ನಡುವಿನ ಎಲ್ಲ ಸಂಚಾರವೂ ರೂಟರ್‌ನ ಒಂದೇ ಪೋರ್ಟ್ ಮೂಲಕ ಹೋಗಿ ಅದೇ ಪೋರ್ಟ್ ಮೂಲಕ ಹಿಂತಿರುಗುತ್ತಿತ್ತು. ಆ ಪೋರ್ಟ್‌ನಲ್ಲಿ ಪ್ರತಿ ವಿಲ್ಯಾನ್‌ಗೂ ಒಂದು ಸಬ್‌ಇಂಟರ್‌ಫೇಸ್ ಇತ್ತು. ಯಾವ ಫ್ರೇಮ್ ಯಾವ ವಿಲ್ಯಾನ್‌ಗೆ ಸೇರಿದ್ದೆಂಬುದನ್ನು ರೂಟರ್ 802.1ಕ್ಯೂ ಟ್ಯಾಗ್ ನೋಡಿ ತಿಳಿಯುತ್ತಿತ್ತು. 1998ರಲ್ಲಿ ಐಇಇಇ ಮೊದಲು ಪ್ರಕಟಿಸಿದ ಈ ಮಾನದಂಡ ಈಥರ್ನೆಟ್ ಫ್ರೇಮ್‌ನೊಳಗೆ 4 ಬೈಟ್‌ಗಳ ಟ್ಯಾಗ್ ಸೇರಿಸುತ್ತದೆ, ಅದರಲ್ಲಿ 12 ಬಿಟ್‌ಗಳು ವಿಲ್ಯಾನ್ ಸಂಖ್ಯೆಗೆ ಮೀಸಲು. 0 ಮತ್ತು 4095 ಬಳಕೆಗೆ ಇಲ್ಲದ್ದರಿಂದ ಉಳಿಯುವುದು 4094. ಹಳೆಯ ವ್ಯವಸ್ಥೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕಂಪ್ಯೂಟರ್‌ಗಳಿಂದ ನ್ಯಾಸ್‌ಗೆ ಬ್ಯಾಕಪ್ ಹೋಗುವ ಹೊತ್ತಿನಲ್ಲಿ ರೂಟರ್‌ನ ಪ್ರೊಸೆಸರ್ ಪೂರ್ತಿ ಅದರಲ್ಲೇ ಮುಳುಗಿ ಇಂಟರ್‌ನೆಟ್ ಕೂಡ ತೆವಳುತ್ತಿತ್ತು. ಲೇಯರ್ 3 ಸ್ವಿಚ್ ಇದೇ ಕೆಲಸವನ್ನು ಹಾರ್ಡ್‌ವೇರ್‌ನಲ್ಲೇ ಮಾಡಬಲ್ಲದು. ಅದನ್ನು ರೂಟಿಂಗ್ ಮಾಡದ ಬರಿಯ ಲೇಯರ್ 2 ಸ್ವಿಚ್‌ನಂತೆ ಬಳಸುತ್ತಿದ್ದುದು ನನಗೆ ಬಹಳ ದಿನಗಳಿಂದ ಕೊರೆಯುತ್ತಿತ್ತು.

ಯೋಜನೆ ಹೀಗಿತ್ತು. ಮುಖ್ಯ ಸ್ವಿಚ್‌ನಲ್ಲಿ ಐಪಿ ರೂಟಿಂಗ್ ಚಾಲೂ ಮಾಡುವುದು. ಪ್ರತಿ ವಿಲ್ಯಾನ್‌ಗೂ ಎಸ್‌ವಿಐ, ಅಂದರೆ ಸ್ವಿಚ್ ತನ್ನೊಳಗೇ ಆ ವಿಲ್ಯಾನ್‌ಗೆಂದು ತೆರೆಯುವ ಇಂಟರ್‌ಫೇಸ್, ರಚಿಸಿ, ಹಿಂದೆ ರೂಟರ್ ಬಳಿ ಇದ್ದ 192.168.10.1, 192.168.20.1, 192.168.30.1 ಎಂಬ ಗೇಟ್‌ವೇ (ಸಬ್‌ನೆಟ್‌ನಿಂದ ಹೊರಹೋಗುವ ಬಾಗಿಲು) ವಿಳಾಸಗಳನ್ನೇ ಅವಕ್ಕೆ ಕೊಡುವುದು; ರೂಟರ್‌ನಲ್ಲಿನ ಸಬ್‌ಇಂಟರ್‌ಫೇಸ್‌ಗಳನ್ನು ಅಳಿಸುವುದು; ರೂಟರ್ ಮತ್ತು ಸ್ವಿಚ್ ನಡುವೆ ವಿಲ್ಯಾನ್ 100 ಎಂಬ ಸಣ್ಣ ಕೊಂಡಿ ಇಟ್ಟು, ರೂಟರ್‌ಗೆ 10.0.0.1, ಸ್ವಿಚ್‌ಗೆ 10.0.0.2 ಕೊಟ್ಟು, ಸ್ವಿಚ್‌ನ ಡೀಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ ಪ್ಯಾಕೆಟ್‌ಗಳ ದಾರಿ) ಅನ್ನು ರೂಟರ್ ಕಡೆಗೆ ತಿರುಗಿಸುವುದು. ಗೇಟ್‌ವೇ ವಿಳಾಸಗಳನ್ನು ಬದಲಿಸದೆ ಉಳಿಸಿಕೊಂಡದ್ದು ಆ ಸಂಜೆ ನಾನು ಮಾಡಿದ ಸರಿಯಾದ ಕೆಲಸಗಳಲ್ಲಿ ಒಂದು, ಏಕೆಂದರೆ ಕೈಯಿಂದ ವಿಳಾಸ ಬರೆದ ಉಪಕರಣ ಯಾವುದನ್ನೂ ಮುಟ್ಟುವ ಅಗತ್ಯ ಬರಬಾರದೆಂಬುದು ಉದ್ದೇಶವಾಗಿತ್ತು.

ಇದೇ ಸಂದರ್ಭದಲ್ಲಿ ಇನ್ನೂ ಮೂರು ಸಣ್ಣ ಕೆಲಸಗಳನ್ನು ಸೇರಿಸಿಕೊಂಡೆ. ನ್ಯಾಸ್‌ನ ಕೇಬಲ್ ಅನ್ನು ಮುಖ್ಯ ಸ್ವಿಚ್‌ನಿಂದ ತೆಗೆದು ಎರಡನೇ ಸ್ವಿಚ್‌ನ 7ನೇ ಪೋರ್ಟ್‌ಗೆ ಹಾಕಿದೆ. ಎಸ್‌ವಿಐಗಳಲ್ಲಿ ಪ್ರಾಕ್ಸಿ ಎಆರ್‌ಪಿ, ಅಂದರೆ ಬೇರೆಯವರ ವಿಳಾಸದ ಪ್ರಶ್ನೆಗೆ ತಾನೇ ಉತ್ತರಿಸುವ ಪದ್ಧತಿ, ನಿಲ್ಲಿಸಿದೆ. ಎರಡೂ ಸ್ವಿಚ್‌ಗಳ ನಡುವಿನ ಟ್ರಂಕ್‌ನಲ್ಲಿ, ಅಂದರೆ ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಹೊರುವ ಕೊಂಡಿಯಲ್ಲಿ, ಅನುಮತಿಸಿದ ವಿಲ್ಯಾನ್‌ಗಳ ಪಟ್ಟಿಗೆ 99 ಅನ್ನು ಸೇರಿಸಿದೆ, ಅಥವಾ ಸೇರಿಸಿದೆನೆಂದು ಭಾವಿಸಿದೆ. ಮುಂದಿನ ನಾಲ್ಕು ತಪ್ಪುಗಳಲ್ಲಿ ಮೂರು ಹೊರಬಂದದ್ದು ಈ ಮೂರು ಸಣ್ಣ ಕೆಲಸಗಳಿಂದಲೇ.

ಮೊದಲ ಪರೀಕ್ಷೆ

ಲ್ಯಾಪ್‌ಟಾಪ್ ಅನ್ನು ಮುಖ್ಯ ಸ್ವಿಚ್‌ನಲ್ಲಿ ವಿಲ್ಯಾನ್ 10ಕ್ಕೆ ಸೇರಿದ ಪೋರ್ಟ್‌ಗೆ ಜೋಡಿಸಿದೆ. ಅದಕ್ಕೆ 169.254ರಿಂದ ಶುರುವಾಗುವ ವಿಳಾಸ ಬಂತು. ಅಂದರೆ ವಿಳಾಸಗಳನ್ನು ತಾನಾಗಿಯೇ ಹಂಚುವ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ. ಅದನ್ನು ಆಮೇಲೆ ನೋಡೋಣವೆಂದು 192.168.10.50 ಎಂಬ ವಿಳಾಸವನ್ನು ಕೈಯಿಂದಲೇ ಕೊಟ್ಟು ಮುಂದುವರಿದೆ. ಒಂದು ಲಕ್ಷಣವನ್ನು ಹೀಗೆ ಬದಿಗಿಡುವುದು ತಪ್ಪಲ್ಲ, ಆದರೆ ಬದಿಗಿಟ್ಟದ್ದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ನಾನು ಬರೆದಿಟ್ಟುಕೊಂಡೆ, ಅದು ಕೊನೆಗೆ ಉಪಯೋಗಕ್ಕೆ ಬಂತು.

ಪಿಂಗ್ (ಒಂದು ವಿಳಾಸಕ್ಕೆ ಪ್ರಶ್ನೆ ಕಳಿಸಿ ಉತ್ತರ ಬರುವುದೇ ಎಂದು ನೋಡುವ ಪರೀಕ್ಷೆ) ಫಲಿತಾಂಶಗಳು ಹೀಗಿದ್ದವು. ಸ್ವಂತ ಗೇಟ್‌ವೇ 192.168.10.1 ಉತ್ತರಿಸಿತು. 192.168.20.1 ಉತ್ತರಿಸಿತು. 192.168.30.1 ಉತ್ತರಿಸಲಿಲ್ಲ. ನ್ಯಾಸ್ ಆದ 192.168.20.15, ಪ್ರಿಂಟರ್ ಆದ 192.168.20.30, ಎಲ್ಲ ಕ್ಯಾಮೆರಾಗಳು, ರೆಕಾರ್ಡರ್, ಯಾವುದೂ ಉತ್ತರಿಸಲಿಲ್ಲ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. 192.168.20.1 ಉತ್ತರಿಸಿತೆಂದರೆ ವಿಲ್ಯಾನ್ 20ಕ್ಕೆ ದಾರಿ ತೆರೆದಿದೆ ಎಂದು ಅರ್ಥವಲ್ಲ. ಆ ವಿಳಾಸ ಇರುವುದು ಮುಖ್ಯ ಸ್ವಿಚ್‌ನ ಒಳಗೇ. ಲ್ಯಾಪ್‌ಟಾಪ್ ಕಳಿಸಿದ ಪ್ಯಾಕೆಟ್ ವಿಲ್ಯಾನ್ 10ರ ಪೋರ್ಟ್‌ನಿಂದ ಸ್ವಿಚ್‌ನೊಳಗೆ ಬಂದು, ಸ್ವಿಚ್‌ನಿಂದಲೇ ಉತ್ತರ ಪಡೆದು ಹಿಂತಿರುಗುತ್ತದೆ. ವಿಲ್ಯಾನ್ 20ರ ಒಂದೇ ಒಂದು ತಂತಿಯನ್ನೂ ಅದು ಮುಟ್ಟುವುದಿಲ್ಲ. ಆ ಉತ್ತರದಿಂದ ಖಚಿತವಾಗುವುದು ಎರಡೇ ಸಂಗತಿಗಳು: ವಿಲ್ಯಾನ್ 20ರ ಎಸ್‌ವಿಐ ಎದ್ದಿದೆ, ಲ್ಯಾಪ್‌ಟಾಪ್‌ನ ಗೇಟ್‌ವೇ ಸರಿಯಾಗಿದೆ. ಪಕ್ಕದ ವಿಲ್ಯಾನ್‌ನ ಗೇಟ್‌ವೇ ಉತ್ತರಿಸಿದೊಡನೆ ರೂಟಿಂಗ್ ಸರಿಯಿದೆಯೆಂದು ನಂಬಿ, ತಪ್ಪನ್ನು ಎದುರಿನ ಉಪಕರಣದ ಮೇಲೆ ಹೊರಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಟ್ರಂಕ್‌ನ ಪಟ್ಟಿ

ಮೊದಲು ಕೈ ಹಾಕಿದ್ದು 192.168.30.1ಕ್ಕೆ, ಏಕೆಂದರೆ ಸ್ವಿಚ್ ತನ್ನದೇ ವಿಳಾಸಕ್ಕೆ ಉತ್ತರಿಸದಿದ್ದರೆ ಕಾರಣ ಸ್ವಿಚ್‌ನೊಳಗೇ ಇರಬೇಕು. ಇಂಟರ್‌ಫೇಸ್‌ಗಳ ಪಟ್ಟಿಯಲ್ಲಿ ವಿಲ್ಯಾನ್ 10 ಮತ್ತು 20ರ ಎಸ್‌ವಿಐಗಳು ಎದ್ದಿದ್ದವು. 30ರದು ಮಾತ್ರ ಬಿದ್ದಿತ್ತು. ಎಸ್‌ವಿಐ ಏಳಬೇಕಾದರೆ ಆ ವಿಲ್ಯಾನ್ ಸ್ವಿಚ್‌ನ ಪಟ್ಟಿಯಲ್ಲಿ ಇರಬೇಕು, ಜೊತೆಗೆ ಆ ವಿಲ್ಯಾನ್‌ಗೆ ಸೇರಿದ ಕನಿಷ್ಠ ಒಂದು ಪೋರ್ಟ್‌ನಲ್ಲಾದರೂ ಲಿಂಕ್ ಇದ್ದು, ಜಾಲದಲ್ಲಿ ಸುತ್ತುದಾರಿ ಉಂಟಾಗದಂತೆ ಕಾಯುವ ಸ್ಪ್ಯಾನಿಂಗ್ ಟ್ರೀ ಅದನ್ನು ಫಾರ್ವರ್ಡಿಂಗ್, ಅಂದರೆ ಫ್ರೇಮ್‌ಗಳನ್ನು ಸಾಗಿಸುವ, ಸ್ಥಿತಿಗೆ ತಂದಿರಬೇಕು. ವಿಲ್ಯಾನ್ 30 ಪಟ್ಟಿಯಲ್ಲಿತ್ತು. ಆದರೆ ಕ್ಯಾಮೆರಾಗಳೂ ರೆಕಾರ್ಡರ್ ಕೂಡ ಇದ್ದದ್ದು ಎರಡನೇ ಸ್ವಿಚ್‌ನಲ್ಲಿ. ಮುಖ್ಯ ಸ್ವಿಚ್‌ನ ಮಟ್ಟಿಗೆ ವಿಲ್ಯಾನ್ 30 ತಲುಪುವ ದಾರಿ ಟ್ರಂಕ್ ಒಂದೇ.

ಶೋ ಇಂಟರ್‌ಫೇಸಸ್ ಟ್ರಂಕ್ ಎಂಬ ಕಮ್ಯಾಂಡ್ ಕೊಟ್ಟೆ. ಅನುಮತಿಸಿದ ವಿಲ್ಯಾನ್‌ಗಳ ಸಾಲಿನಲ್ಲಿ ಇದ್ದದ್ದು ಒಂದೇ ಸಂಖ್ಯೆ: 99. ಪಟ್ಟಿಗೆ ಸೇರಿಸುವಾಗ ಆಡ್ ಎಂಬ ಪದವನ್ನು ಬಿಟ್ಟಿದ್ದೆ. ಆ ಪದವಿಲ್ಲದೆ ಸಂಖ್ಯೆ ಬರೆದರೆ ಸ್ವಿಚ್ ಅದನ್ನು ಸೇರಿಸುವುದಿಲ್ಲ, ಹಳೆಯ ಪಟ್ಟಿಯನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ನಾನು ಎರಡನೇ ಸ್ವಿಚ್‌ನ ಪುಟವನ್ನು ತೆರೆದಿದ್ದದ್ದು ವಿಲ್ಯಾನ್ 99ರ ಮೂಲಕ. ಅದು ಸರಾಗವಾಗಿ ತೆರೆದೇ ಇದ್ದುದರಿಂದ ಟ್ರಂಕ್ ಆರೋಗ್ಯವಾಗಿದೆ ಎಂಬ ನಂಬಿಕೆ ಗಟ್ಟಿಯಾಯಿತು. 10 ಮತ್ತು 20ರ ಎಸ್‌ವಿಐಗಳು ಏಕೆ ಬೀಳಲಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇತ್ತು: ಆ ಎರಡು ವಿಲ್ಯಾನ್‌ಗಳಿಗೆ ಮುಖ್ಯ ಸ್ವಿಚ್‌ನಲ್ಲೂ ಚಾಲೂ ಇರುವ ಪೋರ್ಟ್‌ಗಳಿದ್ದವು, ಹಾಗಾಗಿ ಟ್ರಂಕ್ ಅವುಗಳನ್ನು ಕೈಬಿಟ್ಟದ್ದು ಎಸ್‌ವಿಐಗಳ ಸ್ಥಿತಿಯಲ್ಲಿ ಕಾಣಲೇ ಇಲ್ಲ.

ಆಡ್ ಪದದೊಂದಿಗೆ 10, 20, 30 ಸೇರಿಸಿದೆ. ಹಳೆಯ ಬಗೆಯ ಸ್ಪ್ಯಾನಿಂಗ್ ಟ್ರೀಯಲ್ಲಿ ಆಲಿಸುವ ಹಂತಕ್ಕೆ 15, ಕಲಿಯುವ ಹಂತಕ್ಕೆ 15, ಒಟ್ಟು 30 ಸೆಕೆಂಡು ಬೇಕಾಗುವುದರಿಂದ ಅಷ್ಟು ಹೊತ್ತು ಏನನ್ನೂ ಮುಟ್ಟದೆ ಕಾದೆ. ವಿಲ್ಯಾನ್ 30ರ ಎಸ್‌ವಿಐ ಎದ್ದಿತು. ಪ್ರಿಂಟರ್ ಉತ್ತರಿಸಿತು, ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ರೂಟಿಂಗ್ ಹೆಜ್ಜೆ ಇಡಬಹುದೆಂಬ ಎಣಿಕೆ) 63. ಈ ಸಂಖ್ಯೆಯನ್ನು ಗಮನಿಸುವ ಅಭ್ಯಾಸ ಒಳ್ಳೆಯದು. ಲಿನಕ್ಸ್ ಆಧಾರಿತ ಉಪಕರಣಗಳು ಸಾಮಾನ್ಯವಾಗಿ 64ರಿಂದ, ವಿಂಡೋಸ್ 128ರಿಂದ ಆರಂಭಿಸುತ್ತವೆ. ಪ್ರತಿ ರೂಟಿಂಗ್ ಹೆಜ್ಜೆಗೂ ಒಂದು ಕಡಿಮೆಯಾಗುತ್ತದೆ. 63 ಎಂದರೆ ಉತ್ತರ ಒಂದೇ ಒಂದು ರೂಟಿಂಗ್ ಹೆಜ್ಜೆಯನ್ನು ದಾಟಿ ಬಂದಿದೆ. ನನಗೆ ಬೇಕಾದದ್ದೂ ಅದೇ.

ರೆಕಾರ್ಡರ್ ಉತ್ತರಿಸಿತು, ಏಳು ಕ್ಯಾಮೆರಾಗಳು ಉತ್ತರಿಸಿದವು. ನಾಲ್ಕು ಕ್ಯಾಮೆರಾಗಳು ಮತ್ತು ನ್ಯಾಸ್ ಇನ್ನೂ ಮೌನವಾಗಿದ್ದವು.

ನ್ಯಾಸ್ ಮತ್ತು 7ನೇ ಪೋರ್ಟ್

ನ್ಯಾಸ್ ಬಳಿ ಹೋಗುವ ಮೊದಲು ಮುಖ್ಯ ಸ್ವಿಚ್‌ನ ಎಆರ್‌ಪಿ ಪಟ್ಟಿ, ಅಂದರೆ ಯಾವ ಐಪಿ ವಿಳಾಸಕ್ಕೆ ಯಾವ ಮ್ಯಾಕ್ (ಉಪಕರಣದ ಹಾರ್ಡ್‌ವೇರ್) ವಿಳಾಸವೆಂದು ಕೇಳಿ ಬರೆದಿಟ್ಟ ಪಟ್ಟಿ, ನೋಡಿದೆ. 192.168.20.30ರ ಎದುರು ಪ್ರಿಂಟರ್‌ನ ಮ್ಯಾಕ್ ವಿಳಾಸವಿತ್ತು, 192.168.20.15ರ ಎದುರು ಇನ್‌ಕಂಪ್ಲೀಟ್ ಎಂದಿತ್ತು. ಅಂದರೆ ಈ ಐಪಿ ಯಾರದೆಂದು ಸ್ವಿಚ್ ವಿಲ್ಯಾನ್ 20ರಲ್ಲಿ ಕೂಗಿ ಕೇಳಿದೆ, ಉತ್ತರ ಮಾತ್ರ ಬಂದಿಲ್ಲ. ಸ್ವಿಚ್‌ನಿಂದಲೇ ನ್ಯಾಸ್‌ಗೆ ಪಿಂಗ್ ಕೊಟ್ಟರೂ ಫಲವಿರಲಿಲ್ಲ. ತಪ್ಪು ರೂಟಿಂಗ್‌ನದಲ್ಲ, ಅದಕ್ಕಿಂತ ಕೆಳಗಿನ ಪದರದ್ದು ಎಂದು ಇದರಿಂದ ತಿಳಿಯಿತು.

ಎರಡನೇ ಸ್ವಿಚ್‌ನ ಪುಟದಲ್ಲಿ ವಿಲ್ಯಾನ್ 20ರ ಸದಸ್ಯತ್ವ ತೆರೆದೆ. 7ನೇ ಪೋರ್ಟ್‌ನ ಎದುರು ಅನ್‌ಟ್ಯಾಗ್ಡ್ ಎಂಬ ಗುರುತು ಸರಿಯಾಗಿಯೇ ಇತ್ತು. ಆ ಸಂಜೆ ನಾನೇ ಹಾಕಿದ್ದೆ. ನ್ಯಾಸ್‌ನ ಕೇಬಲ್ ಕಿತ್ತು ಹಾಕಿದೆ, ಬೇರೆ ಕೇಬಲ್ ಹಾಕಿದೆ, ಲಿಂಕ್ ದೀಪ ಹಸಿರಾಗಿಯೇ ಮಿಣುಕುತ್ತಿತ್ತು. ಇಲ್ಲಿ ಸುಮಾರು 45 ನಿಮಿಷ ಕಳೆದೆ. ಕೊನೆಗೆ ಬೆಳಕು ಬಿದ್ದದ್ದು ಅದೇ ಸ್ವಿಚ್‌ನ ಮ್ಯಾಕ್ ಪಟ್ಟಿಯಿಂದ. ನ್ಯಾಸ್‌ನ ಹಿಂಬದಿಯ ಚೀಟಿಯಲ್ಲಿದ್ದ ಮ್ಯಾಕ್ ವಿಳಾಸದ ಕೊನೆಯ ನಾಲ್ಕು ಅಂಕಿಗಳನ್ನು ಹಿಡಿದು ಹುಡುಕಿದಾಗ ಅದು 7ನೇ ಪೋರ್ಟ್‌ನಲ್ಲೇ ಸಿಕ್ಕಿತು, ಆದರೆ ಆ ಸಾಲಿನ ವಿಲ್ಯಾನ್ ಕಾಲಂನಲ್ಲಿ ಇದ್ದದ್ದು 20 ಅಲ್ಲ, 1.

ಬ್ರೌಸರ್ ಪುಟದಿಂದ ಹೊಂದಿಸುವ ಹಲವು ಸ್ವಿಚ್‌ಗಳಲ್ಲಿ ಒಂದು ಪೋರ್ಟ್‌ನ ಎರಡು ದಿಕ್ಕುಗಳನ್ನು ಎರಡು ಪ್ರತ್ಯೇಕ ಪುಟಗಳಲ್ಲಿ ಹೇಳಬೇಕು. ಸದಸ್ಯತ್ವದ ಪುಟ ನಿರ್ಧರಿಸುವುದು ಹೊರಹೋಗುವುದನ್ನು: ಈ ವಿಲ್ಯಾನ್‌ನ ಫ್ರೇಮ್ ಈ ಪೋರ್ಟ್‌ನಿಂದ ಹೊರಡಬಹುದೇ, ಹೊರಟರೆ ಟ್ಯಾಗ್ ಇರಬೇಕೇ ಎಂಬುದನ್ನು. ಟ್ಯಾಗ್ ಇಲ್ಲದೆ ಒಳಬರುವ ಫ್ರೇಮ್ ಯಾವ ವಿಲ್ಯಾನ್‌ಗೆ ಸೇರಬೇಕೆಂಬುದನ್ನು ನಿರ್ಧರಿಸುವುದು ಪಿವಿಐಡಿ. ಅದು ಬೇರೆ ಪುಟದಲ್ಲಿರುತ್ತದೆ, ಯಾರೂ ಬದಲಿಸದಿದ್ದರೆ 1 ಆಗಿರುತ್ತದೆ. ಇಂಥ ಸ್ವಿಚ್‌ಗಳು ಒಂದೇ ಪೋರ್ಟ್ ಹಲವು ವಿಲ್ಯಾನ್‌ಗಳಲ್ಲಿ ಅನ್‌ಟ್ಯಾಗ್ಡ್ ಸದಸ್ಯನಾಗಿರಲು ಬಿಡುವುದರಿಂದ, ಪುಟದಲ್ಲಿ ಯಾವ ಎಚ್ಚರಿಕೆಯೂ ಮೂಡುವುದಿಲ್ಲ. 7ನೇ ಪೋರ್ಟ್ ವಿಲ್ಯಾನ್ 1ರಲ್ಲೂ 20ರಲ್ಲೂ ಸದಸ್ಯನಾಗಿತ್ತು, ಪಿವಿಐಡಿ ಮಾತ್ರ 1 ಆಗಿಯೇ ಉಳಿದಿತ್ತು.

ಹಾಗಾಗಿ ನಡೆದದ್ದು ಇದು. ಮುಖ್ಯ ಸ್ವಿಚ್‌ನ ಎಆರ್‌ಪಿ ಪ್ರಶ್ನೆ ವಿಲ್ಯಾನ್ 20ರ ಟ್ಯಾಗ್ ಹೊತ್ತು ಟ್ರಂಕ್ ದಾಟಿ, 7ನೇ ಪೋರ್ಟ್‌ನಲ್ಲಿ ಟ್ಯಾಗ್ ಕಳಚಿಕೊಂಡು, ನ್ಯಾಸ್ ಅನ್ನು ತಲುಪುತ್ತಿತ್ತು. ನ್ಯಾಸ್ ಪ್ರತಿಬಾರಿಯೂ ತಪ್ಪದೆ ಉತ್ತರ ಕೊಡುತ್ತಿತ್ತು. ಆ ಉತ್ತರ ಸ್ವಿಚ್‌ನೊಳಗೆ ಕಾಲಿಟ್ಟೊಡನೆ ವಿಲ್ಯಾನ್ 1ಕ್ಕೆ ಸೇರಿ, ಟ್ರಂಕ್‌ನಲ್ಲಿ ವಿಲ್ಯಾನ್ 1ಕ್ಕೆ ಅನುಮತಿ ಇಲ್ಲದ ಕಾರಣ ಅಲ್ಲೇ ಕೊನೆಗೊಳ್ಳುತ್ತಿತ್ತು. ಕೇಳುವವರಿಗೂ ಹೇಳುವವರಿಗೂ ತಪ್ಪಿಲ್ಲ. ಉತ್ತರ ಮಾತ್ರ ಬೇರೆ ಕೋಣೆಗೆ ಹೋಗುತ್ತಿತ್ತು. ಪಿವಿಐಡಿಯನ್ನು 20 ಮಾಡಿ, ವಿಲ್ಯಾನ್ 1ರ ಸದಸ್ಯತ್ವ ತೆಗೆದೆ. ಮುಂದಿನ ಪಿಂಗ್‌ಗೇ ನ್ಯಾಸ್ ಉತ್ತರಿಸಿತು. ಉಳಿದ ಪೋರ್ಟ್‌ಗಳ ಎರಡೂ ಪುಟಗಳನ್ನು ಆಗಲೇ ಅಕ್ಕಪಕ್ಕ ತೆರೆದಿಟ್ಟು ಒಂದೊಂದಾಗಿ ಹೋಲಿಸಿ ನೋಡಿದೆ. ಬೇರೆಲ್ಲೂ ಈ ತಪ್ಪು ಇರಲಿಲ್ಲ.

ನ್ಯಾಸ್‌ನಿಂದ ವಿಲ್ಯಾನ್ 10ರ ಒಂದು ವಿಂಡೋಸ್ ಕಂಪ್ಯೂಟರ್‌ಗೆ ಪಿಂಗ್ ಕೊಟ್ಟಾಗ ಉತ್ತರ ಬರಲಿಲ್ಲವೆಂದು ಒಂದು ಕ್ಷಣ ಗಾಬರಿಯಾಯಿತು. ಅದು ವಿಲ್ಯಾನ್‌ನ ದೋಷವಲ್ಲ. ವಿಂಡೋಸ್ ಫೈರ್‌ವಾಲ್ ಪಕ್ಕದ ಕಂಪ್ಯೂಟರ್‌ನ ಪಿಂಗ್‌ಗೆ ಉತ್ತರಿಸಿದರೂ ಬೇರೆ ಸಬ್‌ನೆಟ್‌ನಿಂದ ಬಂದದ್ದನ್ನು ತಡೆಯುವುದುಂಟು. ಪರೀಕ್ಷೆಗೆ ವಿಂಡೋಸ್ ಕಂಪ್ಯೂಟರ್‌ಗಳನ್ನು ಗುರಿಯಾಗಿ ಬಳಸದಿರುವುದೇ ಲೇಸು.

ನಾಲ್ಕು ಕ್ಯಾಮೆರಾಗಳು

ಈ ತಪ್ಪೇ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ಉತ್ತರಿಸದ ನಾಲ್ಕರಲ್ಲಿ ಒಂದಾದ 192.168.30.24 ಅನ್ನು ಹಿಡಿದುಕೊಂಡೆ. ಮುಖ್ಯ ಸ್ವಿಚ್‌ನ ಎಆರ್‌ಪಿ ಪಟ್ಟಿಯಲ್ಲಿ ಅದರ ಮ್ಯಾಕ್ ವಿಳಾಸವಿತ್ತು. ಎರಡನೇ ಸ್ವಿಚ್‌ನ ಮ್ಯಾಕ್ ಪಟ್ಟಿಯಲ್ಲಿ ಅದು 14ನೇ ಪೋರ್ಟ್‌ನಲ್ಲಿ, ವಿಲ್ಯಾನ್ 30ರಲ್ಲೇ ಇತ್ತು. ಮುಖ್ಯ ಸ್ವಿಚ್‌ನಿಂದ ಪಿಂಗ್ ಕೊಟ್ಟರೆ ಕ್ಯಾಮೆರಾ ತಕ್ಷಣ ಉತ್ತರಿಸುತ್ತಿತ್ತು. ಲ್ಯಾಪ್‌ಟಾಪ್‌ನಿಂದ ಕೊಟ್ಟರೆ ಮೌನ. ಅದೇ ಸ್ವಿಚ್‌ನಿಂದ, ಮೂಲ ವಿಳಾಸ 192.168.10.1 ಆಗಿರಲಿ ಎಂದು ಸೂಚಿಸಿ ಪಿಂಗ್ ಕೊಟ್ಟೆ. ಮೌನ.

ಈ ಕೊನೆಯ ಪರೀಕ್ಷೆಯ ಬೆಲೆ ದೊಡ್ಡದು. ಸುಮ್ಮನೆ ಪಿಂಗ್ ಕೊಟ್ಟಾಗ ಸ್ವಿಚ್ ತಾನು ಹೊರಡುವ ಇಂಟರ್‌ಫೇಸ್‌ನ ವಿಳಾಸವನ್ನೇ, ಅಂದರೆ 192.168.30.1 ಅನ್ನೇ, ಮೂಲವಾಗಿ ಬಳಸುತ್ತದೆ. ಕ್ಯಾಮೆರಾದ ಕಣ್ಣಿಗೆ ಅದು ತನ್ನ ಮನೆಯವರದೇ ವಿಳಾಸ. ಮೂಲ ಬದಲಾದೊಡನೆ ಉತ್ತರ ನಿಂತಿತು. ಪ್ಯಾಕೆಟ್ ಹೋಗುವ ದಾರಿ ಎರಡೂ ಸಲ ಅದೇ, ಕೇಬಲ್ ಅದೇ, ಪೋರ್ಟ್ ಅದೇ. ಬದಲಾದದ್ದು, ಉತ್ತರವನ್ನು ಯಾರಿಗೆ ಕಳಿಸಬೇಕು ಎಂಬುದೊಂದೇ. ಹಾಗಾಗಿ ತಪ್ಪು ಕ್ಯಾಮೆರಾದ ಒಳಗಿನ ಗೇಟ್‌ವೇಯಲ್ಲೋ ಮಾಸ್ಕ್‌ನಲ್ಲೋ ಇರಬೇಕೆಂದು ಊಹಿಸಿದೆ. ಊಹೆಯ ಮೇಲೆ ಕ್ಯಾಮೆರಾದ ಹೊಂದಿಕೆಗಳನ್ನು ಬದಲಿಸಲು ಮನಸ್ಸು ಒಪ್ಪಲಿಲ್ಲ, ಕಣ್ಣಾರೆ ನೋಡಬೇಕೆನಿಸಿತು.

ಎರಡನೇ ಸ್ವಿಚ್‌ನಲ್ಲಿ 14ನೇ ಪೋರ್ಟ್‌ನ ಎರಡೂ ದಿಕ್ಕಿನ ಸಂಚಾರವನ್ನು 24ನೇ ಪೋರ್ಟ್‌ಗೆ ಪ್ರತಿಬಿಂಬಿಸಿ, ಲ್ಯಾಪ್‌ಟಾಪ್ ಅನ್ನು ಅಲ್ಲಿಗೆ ಜೋಡಿಸಿ, ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತೆರೆದೆ. ವಿಲ್ಯಾನ್ 10ರಲ್ಲಿ, ಡಿಎಚ್‌ಸಿಪಿ ಹಿಂದೆ ಕೊಟ್ಟ ವಿಳಾಸದ ಅವಧಿ (ಲೀಸ್) ಇನ್ನೂ ಮುಗಿದಿರದ 192.168.10.61 ಎಂಬ ಕಂಪ್ಯೂಟರ್‌ನಿಂದ ಪಿಂಗ್ ಕೊಡಿಸಿದೆ. ಪರದೆಯ ಮೇಲೆ ಮೊದಲು ಪಿಂಗ್ ಪ್ರಶ್ನೆ ಬಂತು: ಮೂಲ 192.168.10.61, ಗುರಿ 192.168.30.24, ಮೂಲ ಮ್ಯಾಕ್ ಮುಖ್ಯ ಸ್ವಿಚ್‌ನದು. ಅಂದರೆ ಪ್ಯಾಕೆಟ್ ಕ್ಯಾಮೆರಾದ ಬಾಗಿಲವರೆಗೂ ಸರಿಯಾಗಿ ಬಂದಿತ್ತು. ಅದರ ಬೆನ್ನಿಗೇ ಕ್ಯಾಮೆರಾದಿಂದ ಒಂದು ಎಆರ್‌ಪಿ ಪ್ರಶ್ನೆ ಹೊರಟಿತು: 192.168.10.61 ಯಾರು, 192.168.30.24ಕ್ಕೆ ತಿಳಿಸಿ. ಒಂದು ಸೆಕೆಂಡಿನ ನಂತರ ಅದೇ ಪ್ರಶ್ನೆ. ಇನ್ನೊಂದು ಸೆಕೆಂಡಿನ ನಂತರ ಮತ್ತೆ ಅದೇ. ಯಾರೂ ಉತ್ತರಿಸಲಿಲ್ಲ, ಕ್ಯಾಮೆರಾ ಕೈಬಿಟ್ಟಿತು. ಪಿಂಗ್‌ನ ಉತ್ತರ ಹೊರಡಲೇ ಇಲ್ಲ.

ಎಆರ್‌ಪಿ ಪ್ರಶ್ನೆ ತನ್ನ ವಿಲ್ಯಾನ್‌ನ ಗಡಿ ದಾಟುವುದಿಲ್ಲ. ಬೇರೆ ಸಬ್‌ನೆಟ್‌ನ ವಿಳಾಸವನ್ನು ಒಂದು ಉಪಕರಣ ಹೀಗೆ ನೇರವಾಗಿ ಕೂಗಿ ಕೇಳುತ್ತಿದೆಯೆಂದರೆ, ಆ ವಿಳಾಸ ತನ್ನ ಸಬ್‌ನೆಟ್‌ನಲ್ಲೇ ಇದೆಯೆಂದು ಅದು ನಂಬಿದೆ. ಲ್ಯಾಪ್‌ಟಾಪ್ ಅನ್ನು ವಿಲ್ಯಾನ್ 30ರ ಪೋರ್ಟ್‌ಗೆ ಸರಿಸಿ, 192.168.30.200 ಕೊಟ್ಟು ಕ್ಯಾಮೆರಾದ ಪುಟ ತೆರೆದೆ. ಮಾಸ್ಕ್ 255.255.0.0 ಆಗಿತ್ತು. ಆ ಮಾಸ್ಕ್‌ನ ಪ್ರಕಾರ 192.168ರಿಂದ ಆರಂಭವಾಗುವ ಪ್ರತಿಯೊಂದು ವಿಳಾಸವೂ ನೆರೆಮನೆಯೇ. ಗೇಟ್‌ವೇಯನ್ನು ಕೇಳುವ ಪ್ರಶ್ನೆಯೇ ಹುಟ್ಟುವುದಿಲ್ಲ. ಉಳಿದ ಮೂರರಲ್ಲೂ ಹೀಗೆಯೇ ಇತ್ತು. ಸರಿಯಾಗಿ ಉತ್ತರಿಸುತ್ತಿದ್ದ ಏಳರಲ್ಲಿ 255.255.255.0 ಇತ್ತು.

ಹಾಗಾದರೆ ಹಿಂದಿನ ದಿನದವರೆಗೆ ಈ ನಾಲ್ಕು ಹೇಗೆ ಕೆಲಸ ಮಾಡುತ್ತಿದ್ದವು? ಹಳೆಯ ರೂಟರ್‌ನಲ್ಲಿ ಪ್ರಾಕ್ಸಿ ಎಆರ್‌ಪಿ ಚಾಲೂ ಇತ್ತು. ಬೇರೆ ಸಬ್‌ನೆಟ್‌ನ ವಿಳಾಸವನ್ನು ಯಾರಾದರೂ ಕೂಗಿ ಕೇಳಿದರೆ, ಆ ಸಬ್‌ನೆಟ್‌ಗೆ ದಾರಿ ಬಲ್ಲ ರೂಟರ್ ತನ್ನದೇ ಮ್ಯಾಕ್ ವಿಳಾಸವನ್ನು ಉತ್ತರವಾಗಿ ಕೊಟ್ಟು, ಬಂದ ಪ್ಯಾಕೆಟ್ ಅನ್ನು ಮುಂದಕ್ಕೆ ಸಾಗಿಸುತ್ತದೆ. ಎಆರ್‌ಪಿ 1982ರ ಆರ್‌ಎಫ್‌ಸಿ (ಇಂಟರ್‌ನೆಟ್ ಪದ್ಧತಿಗಳ ದಾಖಲೆ) 826ರಲ್ಲಿ ಬಂದದ್ದು. ಹೀಗೆ ಪರರ ಪರವಾಗಿ ಉತ್ತರಿಸುವ ಪದ್ಧತಿಯನ್ನು 1987ರ ಆರ್‌ಎಫ್‌ಸಿ 1027 ವಿವರಿಸಿತು, ಸಬ್‌ನೆಟ್ ಎಂಬುದನ್ನೇ ಅರಿಯದ ಅಂದಿನ ಕಂಪ್ಯೂಟರ್‌ಗಳಿಗೆ ನೆರವಾಗಲೆಂದು. ನಮ್ಮಲ್ಲಿ ಅದು ತಪ್ಪು ಮಾಸ್ಕ್ ಒಂದನ್ನು ಕಾಣದಂತೆ ಮುಚ್ಚಿಟ್ಟಿತ್ತು. ಎಸ್‌ವಿಐಯಲ್ಲಿ ಅದನ್ನು ನಿಲ್ಲಿಸಿದಾಗ ನಾನು ಹೊಸ ತಪ್ಪು ಮಾಡಲಿಲ್ಲ. ಹಳೆಯ ತಪ್ಪಿನ ಮೇಲಿದ್ದ ಮುಚ್ಚಳ ತೆಗೆದೆ.

ಪ್ರಾಕ್ಸಿ ಎಆರ್‌ಪಿ ಮತ್ತೆ ಚಾಲೂ ಮಾಡಿದ್ದರೆ ಒಂದೇ ಕಮ್ಯಾಂಡ್‌ನಲ್ಲಿ ನಾಲ್ಕೂ ಕ್ಯಾಮೆರಾಗಳು ಎದ್ದು ನಿಲ್ಲುತ್ತಿದ್ದವು. ನಾನು ಹಾಗೆ ಮಾಡಲಿಲ್ಲ. ಮುಂದೊಂದು ದಿನ ಸ್ವಿಚ್ ಬದಲಿಸುವವರು ಇದೇ ಹಳ್ಳಕ್ಕೆ ಮತ್ತೆ ಬೀಳುತ್ತಾರೆ, ಆಗ ಅವರಿಗೆ ಈ ನೆನಪೂ ಇರುವುದಿಲ್ಲ. ನಾಲ್ಕೂ ಕ್ಯಾಮೆರಾಗಳ ಮಾಸ್ಕ್ ಅನ್ನು ಒಂದೊಂದಾಗಿ ತಿದ್ದಿದೆ. ರೆಕಾರ್ಡರ್ ಕೂಡ ವಿಲ್ಯಾನ್ 30ರಲ್ಲೇ ಇದ್ದುದರಿಂದ ಈ ಅವಧಿಯಲ್ಲಿ ರೆಕಾರ್ಡಿಂಗ್ ಒಮ್ಮೆಯೂ ನಿಂತಿರಲಿಲ್ಲ ಎಂಬುದು ಸಮಾಧಾನದ ಸಂಗತಿ.

ರೂಟರ್‌ಗೆ ಗೊತ್ತಿರದ ದಾರಿ

ಇನ್ನು ಉಳಿದದ್ದು ಕಾಗದದ ಮೇಲೆ ಬರೆದಿಟ್ಟಿದ್ದ ಡಿಎಚ್‌ಸಿಪಿ, ಜೊತೆಗೆ ಇಂಟರ್‌ನೆಟ್. ಮುಖ್ಯ ಸ್ವಿಚ್‌ನಿಂದ 10.0.0.1ಕ್ಕೆ ಪಿಂಗ್ ಹೋಗುತ್ತಿತ್ತು, ಹೊರಗಿನ ವಿಳಾಸಗಳಿಗೂ ಹೋಗುತ್ತಿತ್ತು. ವಿಲ್ಯಾನ್ 10ರ ಯಾವ ಕಂಪ್ಯೂಟರ್‌ನಿಂದಲೂ ಹೋಗುತ್ತಿರಲಿಲ್ಲ. ಈ ಬಾರಿ ತಡಮಾಡದೆ ಸ್ವಿಚ್‌ನಿಂದಲೇ, ಮೂಲ 192.168.10.1 ಎಂದು ಹೇಳಿ, 10.0.0.1ಕ್ಕೆ ಪಿಂಗ್ ಕೊಟ್ಟೆ. ಉತ್ತರವಿಲ್ಲ.

ರೂಟರ್‌ನಲ್ಲಿ ಸಬ್‌ಇಂಟರ್‌ಫೇಸ್‌ಗಳಿದ್ದಾಗ 192.168.10.0, 20.0, 30.0 ಎಲ್ಲವೂ ಅದಕ್ಕೆ ನೇರವಾಗಿ ಅಂಟಿಕೊಂಡ ಸಬ್‌ನೆಟ್‌ಗಳು. ಯಾವ ರೂಟ್ ಅನ್ನೂ ಬರೆಯಬೇಕಾಗಿರಲಿಲ್ಲ. ಸಬ್‌ಇಂಟರ್‌ಫೇಸ್ ಅಳಿಸಿದೊಡನೆ ಆ ತಿಳಿವಳಿಕೆಯೂ ಅಳಿಯಿತು. ಈಗ 192.168.10.61ಕ್ಕೆ ಉತ್ತರ ಕಳಿಸಬೇಕಾದಾಗ ರೂಟರ್ ತನ್ನ ಡೀಫಾಲ್ಟ್ ರೂಟ್ ಹಿಡಿದು ಅದನ್ನು ಹೊರಗಿನ ಕೊಂಡಿಗೆ ತಳ್ಳುತ್ತಿತ್ತು. ಡಿಎಚ್‌ಸಿಪಿಯ ಮೌನಕ್ಕೂ ಇದೇ ಕಾರಣ. ವಿಲ್ಯಾನ್ 10ರ ಎಸ್‌ವಿಐಯಲ್ಲಿ ರಿಲೇ ಹೊಂದಿಸಿದ್ದೆ. ಕಂಪ್ಯೂಟರ್‌ನ ಬ್ರಾಡ್‌ಕಾಸ್ಟ್ ಕೋರಿಕೆಯನ್ನು ಅದು ರೂಟರ್‌ಗೆ ನೇರ ಪ್ಯಾಕೆಟ್ ಆಗಿ ಕಳಿಸುತ್ತದೆ, ಒಳಗೆ 192.168.10.1 ಎಂಬ ತನ್ನ ವಿಳಾಸವನ್ನು ಬರೆದು. ಯಾವ ಸಬ್‌ನೆಟ್‌ನಿಂದ ವಿಳಾಸ ಕೊಡಬೇಕೆಂದು ಡಿಎಚ್‌ಸಿಪಿ ಸರ್ವರ್ ಅದನ್ನು ನೋಡಿಯೇ ನಿರ್ಧರಿಸುತ್ತದೆ, ಉತ್ತರವನ್ನೂ ಅದೇ ವಿಳಾಸಕ್ಕೆ ಕಳಿಸುತ್ತದೆ. ಆ ವಿಳಾಸಕ್ಕೆ ದಾರಿಯೇ ರೂಟರ್‌ಗೆ ಗೊತ್ತಿರಲಿಲ್ಲ.

ಮೂರು ಸಬ್‌ನೆಟ್‌ಗಳಿಗೂ 10.0.0.2ರ ಕಡೆಗೆ ಒಂದೊಂದು ಸ್ಟ್ಯಾಟಿಕ್ ರೂಟ್ ಬರೆದೆ. 192.168.0.0, ಮಾಸ್ಕ್ 255.255.0.0 ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ಆಗ 192.168.77.5ರಂಥ, ಎಲ್ಲೂ ಇಲ್ಲದ ವಿಳಾಸಕ್ಕೆ ಬಂದ ಪ್ಯಾಕೆಟ್ ಅನ್ನು ರೂಟರ್ ಸ್ವಿಚ್‌ಗೂ, ಸ್ವಿಚ್ ತನ್ನ ಡೀಫಾಲ್ಟ್ ರೂಟ್ ಹಿಡಿದು ರೂಟರ್‌ಗೂ, ಟಿಟಿಎಲ್ ತೀರುವವರೆಗೆ ಎಸೆದಾಡುತ್ತವೆ. ಮೂರು ಸಾಲು ಬರೆಯುವುದು ಅದಕ್ಕಿಂತ ಅಗ್ಗ. ಲ್ಯಾಪ್‌ಟಾಪ್ ಅನ್ನು ಮತ್ತೆ ವಿಲ್ಯಾನ್ 10ರ ಪೋರ್ಟ್‌ಗೆ ಜೋಡಿಸಿ, ಕೈಯಿಂದ ಕೊಟ್ಟ ವಿಳಾಸ ತೆಗೆದುಹಾಕಿದೆ. ಎರಡು ಸೆಕೆಂಡಿನಲ್ಲಿ ಡಿಎಚ್‌ಸಿಪಿ ವಿಳಾಸ ಬಂತು, ಇಂಟರ್‌ನೆಟ್ ಕೂಡ ಬಂತು.

ಎಸಿಎಲ್

ಕ್ಯಾಮೆರಾಗಳು ತಾವಾಗಿಯೇ ಕಂಪ್ಯೂಟರ್‌ಗಳತ್ತಲೋ ನ್ಯಾಸ್‌ನತ್ತಲೋ ಸಂಪರ್ಕ ಆರಂಭಿಸಬಾರದು ಎಂಬುದು ನಮ್ಮ ನಿಯಮ. ಹಿಂದೆ ಇದನ್ನು ರೂಟರ್‌ನ ಫೈರ್‌ವಾಲ್ ನೋಡಿಕೊಳ್ಳುತ್ತಿತ್ತು. ಯಾವ ಸಂಪರ್ಕವನ್ನು ಯಾರು ಆರಂಭಿಸಿದರೆಂಬುದು ಅದರ ನೆನಪಿನಲ್ಲಿರುತ್ತಿತ್ತು. ಸ್ವಿಚ್‌ನ ಎಸಿಎಲ್‌ಗೆ (ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮಗಳ ಪಟ್ಟಿಗೆ) ಆ ನೆನಪಿಲ್ಲ, ಅದು ಪ್ರತಿ ಪ್ಯಾಕೆಟ್ ಅನ್ನೂ ಹೊಸದೆಂದೇ ನೋಡುತ್ತದೆ. ವಿಲ್ಯಾನ್ 30ರ ಎಸ್‌ವಿಐಗೆ ಒಳದಿಕ್ಕಿನಲ್ಲಿ, ಅಂದರೆ ಕ್ಯಾಮೆರಾಗಳಿಂದ ಸ್ವಿಚ್‌ಗೆ ಬರುವ ದಿಕ್ಕಿನಲ್ಲಿ, ತಡೆ ಬರೆದರೆ ಕ್ಯಾಮೆರಾ ಕೊಡುವ ಉತ್ತರಗಳೂ ಅದೇ ತಡೆಗೆ ಸಿಕ್ಕಿಬೀಳುತ್ತವೆ. ಅಷ್ಟು ಹೊತ್ತಿಗೆ ಪಾಠ ಮನಸ್ಸಿಗೆ ಹತ್ತಿದ್ದರಿಂದ ಮರಳುವ ಸಂಚಾರದ ಸಾಲುಗಳನ್ನೇ ಮೊದಲು ಬರೆದೆ: ಎಸ್ಟಾಬ್ಲಿಷ್ಡ್ ಎಂಬ ಗುರುತಿನ, ಅಂದರೆ ಈಗಾಗಲೇ ಆರಂಭವಾದ ಸಂಪರ್ಕವೆಂದು ಸೂಚಿಸುವ ಎಸಿಕೆ ಅಥವಾ ಆರ್‌ಎಸ್‌ಟಿ ಬಿಟ್ ಇರುವ ಟಿಸಿಪಿಗೆ ಅನುಮತಿ, ಪಿಂಗ್‌ನ ಉತ್ತರಕ್ಕೆ ಅನುಮತಿ, ಸಮಯ ಹೊಂದಿಸಿಕೊಳ್ಳಲು ರೂಟರ್‌ನ ಯುಡಿಪಿ 123ಕ್ಕೆ ಅನುಮತಿ. ಅದಾದ ಮೇಲೆ ಎಲ್ಲಕ್ಕೂ ತಡೆ.

ಕಂಪ್ಯೂಟರ್‌ನಿಂದ ಕ್ಯಾಮೆರಾ ವೀಕ್ಷಣೆಯ ತಂತ್ರಾಂಶ ತೆರೆದಾಗ ಸಂಪರ್ಕವಾಯಿತು, ಆದರೆ ಚಿತ್ರದ ಜಾಗ ಕಪ್ಪಾಗಿಯೇ ಉಳಿಯಿತು. ವೀಡಿಯೊ ಹರಿವನ್ನು ನಿಯಂತ್ರಿಸುವ ಆರ್‌ಟಿಎಸ್‌ಪಿಯ ಮಾತುಕತೆ ಟಿಸಿಪಿ 554ರಲ್ಲಿ ನಡೆಯುತ್ತದೆ, ಅದು ಎಸಿಎಲ್ ದಾಟಿತ್ತು. ಚಿತ್ರ ಮಾತ್ರ ಯುಡಿಪಿಯಲ್ಲಿ ಬರುತ್ತಿತ್ತು, ಎಸ್ಟಾಬ್ಲಿಷ್ಡ್ ಎಂಬುದು, ಸಂಪರ್ಕ ಸ್ಥಾಪಿಸದೆಯೇ ಸಾಗುವ ಯುಡಿಪಿಗೆ ಅನ್ವಯಿಸುವುದೇ ಇಲ್ಲ. ಯುಡಿಪಿಗೆ ವಿಶಾಲವಾದ ಬಾಗಿಲು ತೆರೆಯುವ ಬದಲು, ಚಿತ್ರವನ್ನೂ ಟಿಸಿಪಿಯಲ್ಲೇ ತರಿಸಿಕೊಳ್ಳುವಂತೆ ತಂತ್ರಾಂಶದಲ್ಲಿ ಬದಲಿಸಿದೆ. ಚಿತ್ರ ಮೂಡಿತು.

ಮುಖ್ಯ ಸ್ವಿಚ್‌ನಲ್ಲಿ ಚಾಲೂ ಇರುವ ಹೊಂದಿಕೆಯನ್ನು ಸ್ಟಾರ್ಟಪ್ ಹೊಂದಿಕೆಗೆ ನಕಲಿಸಿದೆ. ಎರಡನೇ ಸ್ವಿಚ್‌ನ ಪುಟದಲ್ಲಿ ಅನ್ವಯಿಸುವ ಗುಂಡಿ ಬೇರೆ, ಉಳಿಸುವ ಗುಂಡಿ ಬೇರೆ. ಎರಡನೆಯದನ್ನು ಒತ್ತಿ, ಎರಡೂ ಸ್ವಿಚ್‌ಗಳ ಹೊಂದಿಕೆಯ ಪ್ರತಿಗಳನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡೆ. ಮರುದಿನ ಬೆಳಿಗ್ಗೆ ಸಿಬ್ಬಂದಿ ಬರುವ ಮೊದಲು ಎರಡೂ ಸ್ವಿಚ್‌ಗಳನ್ನು ಮರುಚಾಲನೆ ಮಾಡಿದೆ. ಟ್ರಂಕ್‌ನ ಪಟ್ಟಿಯಲ್ಲಿ 10, 20, 30, 99 ಇದ್ದವು. 7ನೇ ಪೋರ್ಟ್‌ನ ಪಿವಿಐಡಿ 20 ಆಗಿಯೇ ಇತ್ತು. ವಿಲ್ಯಾನ್ 10ರಿಂದ 192.168.30.24ಕ್ಕೆ ಪಿಂಗ್ ಕೊಟ್ಟೆ. ಉತ್ತರ ಬಂತು, ಟಿಟಿಎಲ್ 63.